ಬಿದ್ದಲ್ಲಿ ನೋಡಿ ತಿದ್ದುವ ವಿದ್ಯೆ

ಚಿಕ್ಕಬಾಣಾವರದಲ್ಲಿ ರೈಲು ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ತುಮಕೂರಿನ ಕಡೆಗೆ, ಇನ್ನೊಂದು ನೆಲಮಂಗಲ, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ. ಇಲ್ಲಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವವರಲ್ಲಿ ಬಹಳ ಮಂದಿ ಹೋಗುವುದು ಪೀಣ್ಯಕ್ಕೆ, ಇಲ್ಲವೇ ಜಾಲಹಳ್ಳಿಗೆ. ಈ ಮಾತುಕತೆ ನಡೆದದ್ದು ಊರಿನ ಒಂದು ಮನೆಯ ಜಗಲಿಯಲ್ಲಿ. ಒಬ್ಬರು ಸೇನೆಯ ಫಿರಂಗಿ ದಳದಿಂದ ನಿವೃತ್ತರಾದ ಚಿಕ್ಕಪ್ಪ. ಇನ್ನೊಬ್ಬಳು ಅವರ ಅಣ್ಣನ ಮಗಳು, ಪೀಣ್ಯದ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಎಂಜಿನಿಯರ್.

ಮಗಳು: ಚಿಕ್ಕಪ್ಪ, ನಮ್ಮ ಫ್ಯಾಕ್ಟರಿಗೆ ಹೊಸ ಜಾಬ್ ಬಂದಿದೆ. ಲೇತ್‌ನಲ್ಲಿ ತಿರುಗಿಸಿ ತೆಗೆಯೋ ಬೆರಳುದ್ದದ ತುಂಡು. ರಕ್ಷಣಾ ಇಲಾಖೆಗೆ ಅಂತ ಗೊತ್ತು, ಎಲ್ಲಿಗೆ ಹೋಗಿ ಕೂರುತ್ತೆ ಅಂತ ಡ್ರಾಯಿಂಗ್‌ನಲ್ಲಿ ಇಲ್ಲ. ತೋಪಿಗೆ ಸಂಬಂಧಪಟ್ಟದ್ದು ಅಂತ ಹುಡುಗರು ಮಾತಾಡ್ಕೊಳ್ತಾರೆ. ನನಗೆ ಒಂದು ಅನುಮಾನ. ಟಿವಿ ಹಾಕಿದರೆ ಬರೀ ಡ್ರೋನ್ ಸುದ್ದಿ. ಇಂಥ ಕಾಲದಲ್ಲಿ ತೋಪಿಗೆ ಇಷ್ಟು ದುಡ್ಡು ಸುರಿಯೋದು ಯಾಕೆ?

ಚಿಕ್ಕಪ್ಪ: ತೋಪು ಅಂದ ತಕ್ಷಣ ನಿನಗೆ ಕೋಟೆ ಮೇಲಿನ ನಳಿಕೆ ಕಣ್ಮುಂದೆ ಬರುತ್ತೆ, ಅಲ್ವಾ? ಎದುರಿಗಿರೋ ಗೋಡೆಗೆ ಗುರಿಯಿಟ್ಟು ಹೊಡೆಯೋದು. ನಮ್ಮ ಕೆಲಸ ಹಾಗಲ್ಲ ಕಣಮ್ಮ. ಕಾರ್ಗಿಲ್ ಯುದ್ಧದಲ್ಲಿ ಕೆಲವು ಬೋಫೋರ್ಸ್ ಗನ್‌ಗಳನ್ನು ಶಿಖರಕ್ಕೇ ನೇರ ಗುರಿಯಿಟ್ಟು ಹೊಡೆದದ್ದುಂಟು. ಅದು ಅಪರೂಪ. ಸಾಮಾನ್ಯವಾಗಿ ಗನ್ ಹತ್ತಿರ ಇರೋನಿಗೆ ಗುರಿ ಕಾಣೋದೇ ಇಲ್ಲ. ನಡುವೆ ಗುಡ್ಡ ಇರುತ್ತೆ, ಹದಿನೈದು ಇಪ್ಪತ್ತು ಕಿಲೋಮೀಟರ್ ದೂರ ಇರುತ್ತೆ. ಗುರಿ ಕಾಣೋದು ಮುಂದೆ ಎಲ್ಲೋ ಬಂಡೆ ಸಂದಿಯಲ್ಲಿ ಕೂತ ಒಪಿಗೆ, ಅಂದರೆ ವೀಕ್ಷಣಾ ಠಾಣೆಯ ಅಧಿಕಾರಿಗೆ. ಅವನು ವೈರ್‌ಲೆಸ್‌ನಲ್ಲಿ ಜಾಗ ಹೇಳ್ತಾನೆ. ಕಮಾಂಡ್ ಪೋಸ್ಟ್‌ನಲ್ಲಿ ನಮ್ಮಂಥವರು ಲೆಕ್ಕ ಹಾಕ್ತೀವಿ. ಗನ್ನಿನವರು ಅಷ್ಟು ಕೋನ, ಅಷ್ಟು ಮದ್ದು ಅಂತ ಹಾಕಿ ಹೊಡೀತಾರೆ. ಒಬ್ಬ ನೋಡೋನು, ಒಬ್ಬ ಲೆಕ್ಕ ಹಾಕೋನು, ಒಬ್ಬ ಹೊಡೆಯೋನು. ಮೂರೂ ಜನ ಒಬ್ಬರ ಮುಖ ಒಬ್ಬರು ನೋಡದೆ ಒಂದು ಕೆಲಸ ಮಾಡಬೇಕು.

ಮಗಳು: ಮೊದಲ ಶೆಲ್ಲೇ ಗುರಿಗೆ ಬೀಳುತ್ತಾ?

ಚಿಕ್ಕಪ್ಪ: ಬಿದ್ದರೆ ಅದೃಷ್ಟ. ಮೊದಲನೇದು ಎಲ್ಲಿ ಬಿತ್ತು ಅಂತ ಒಪಿ ನೋಡ್ತಾನೆ. ಹಿಂದೆ ಬಿತ್ತು, 200 ಮೀಟರ್ ಸೇರಿಸು ಅಂತಾನೆ. ಎರಡನೇದು ಮುಂದೆ ಹೋದರೆ 100 ಕಡಿಮೆ ಮಾಡು, ಎಡಕ್ಕೆ 50 ಅಂತಾನೆ. ಹೀಗೆ ಹಿಂದೊಂದು ಮುಂದೊಂದು ಹಾಕಿ ಗುರಿಯನ್ನು ನಡುವೆ ಹಿಡಿದ ಮೇಲೆ ಇಡೀ ಬ್ಯಾಟರಿ, ಅಂದರೆ ಗನ್ನುಗಳ ಗುಂಪು, ಒಟ್ಟಿಗೆ ಹೊಡೆಯುತ್ತೆ. ನಮ್ಮ ವಿದ್ಯೆಯ ಜೀವಾಳ ಇಷ್ಟೇ: ಬಿದ್ದಲ್ಲಿ ನೋಡು, ತಿದ್ದು. ಆಧುನೀಕರಣ ಅಂತ ಏನೇನು ಮಾಡ್ತಾರೋ ಅದೆಲ್ಲ ಈ ನೋಡೋದಕ್ಕೂ ತಿದ್ದೋದಕ್ಕೂ ನಡುವಿನ ಹೊತ್ತು ಕಡಿಮೆ ಮಾಡೋದಕ್ಕೆ, ತಿದ್ದೋ ಅಗತ್ಯವನ್ನೇ ಕಡಿಮೆ ಮಾಡೋದಕ್ಕೆ. ಅದು ಬಿಟ್ಟು ನಳಿಕೆ ಉದ್ದ ಮಾಡಿದ್ದನ್ನೇ ಆಧುನೀಕರಣ ಅಂದರೆ ನಾನು ಒಪ್ಪಲ್ಲ.

ಮಗಳು: ತಪ್ಪು ಬರೋದು ಎಲ್ಲಿಂದ? ನಮ್ಮಲ್ಲಿ ಜಾಬ್ ಅಳತೆ ತಪ್ಪಿದರೆ ಮಷೀನಾ, ಟೂಲಾ, ಮಟೀರಿಯಲ್ಲಾ, ಆಪರೇಟರಾ ಅಂತ ಒಂದೊಂದೇ ಜರಡಿ ಹಿಡೀತೀವಿ.

ಚಿಕ್ಕಪ್ಪ: ಇಲ್ಲೂ ಅದೇ ಜರಡಿ. ಕೋನವನ್ನು ನಾವು ಮಿಲ್‌ನಲ್ಲಿ ಅಳೀತೀವಿ. ಒಂದು ಮಿಲ್ ತಪ್ಪಿದರೆ ಸಾವಿರ ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ಆಚೀಚೆ. ಇಪ್ಪತ್ತು ಕಿಲೋಮೀಟರ್‌ಗೆ ಅದೇ ಇಪ್ಪತ್ತು ಮೀಟರ್. ನಳಿಕೆ ಸವೆದಿದ್ದರೆ ಶೆಲ್ಲಿನ ವೇಗ ಸೆಕೆಂಡಿಗೆ ಕೆಲವು ಮೀಟರ್ ಇಳಿಯುತ್ತೆ, ಅಷ್ಟಕ್ಕೇ ನೂರಾರು ಮೀಟರ್ ಹಿಂದೆ ಬೀಳುತ್ತೆ. ಮದ್ದು ಬೆಚ್ಚಗಿದೆಯೋ ತಣ್ಣಗಿದೆಯೋ ಅನ್ನೋದರ ಮೇಲೆ ವೇಗ ಬದಲಾಗುತ್ತೆ. ಮೇಲೆ ಗಾಳಿ ಯಾವ ಕಡೆಗೆ ಬೀಸ್ತಿದೆ, ಎಷ್ಟು ದಟ್ಟ ಇದೆ, ಅದೂ ಲೆಕ್ಕಕ್ಕೆ ಬರುತ್ತೆ. ದ್ರಾಸ್‌ನಂಥ ಎತ್ತರದಲ್ಲಿ ಗಾಳಿ ತೆಳು. ಶೆಲ್ಲಿಗೆ ತಡೆ ಕಡಿಮೆ, ಬಯಲಿನಲ್ಲಿ ಹೋಗೋದಕ್ಕಿಂತ ದೂರ ಹೋಗುತ್ತೆ. ಬಯಲಿಗೆ ಮಾಡಿದ ಕೋಷ್ಟಕ ಇಟ್ಕೊಂಡು ಅಲ್ಲಿ ಹೊಡೆದರೆ ಶಿಖರ ದಾಟಿ ಆಚೆ ಕಣಿವೆಗೆ ಬೀಳುತ್ತೆ.

ಮಗಳು: ಕಾರ್ಗಿಲ್‌ನಲ್ಲಿ ಎಷ್ಟು ಶೆಲ್ ಹೊಡೆದಿರಬಹುದು?

ಚಿಕ್ಕಪ್ಪ: ಇಡೀ ಯುದ್ಧದಲ್ಲಿ ನಮ್ಮ ಕಡೆಯಿಂದ ಶೆಲ್ಲು, ಮಾರ್ಟರ್ ಬಾಂಬು, ರಾಕೆಟ್ಟು ಸೇರಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಒಂದು 155 ಮಿಲಿಮೀಟರ್ ಶೆಲ್ ತೂಕ ನಲವತ್ತು ಕೆಜಿ ಮೇಲೆ, ಅದನ್ನು ಹೊತ್ತು ತಂದು ಕೊಟ್ಟವರು ಮನುಷ್ಯರೇ. ಕಾಲಾಳುಗಳು ಬೆಟ್ಟ ಹತ್ತುವಾಗ ಅವರ ತಲೆ ಮೇಲಿಂದ ನಮ್ಮ ಶೆಲ್ ಹೋಗಿ ಮುಂದಿನ ಬಂಕರ್ ಮೇಲೆ ಬೀಳಬೇಕಿತ್ತು. ಅವರು ಹತ್ತಿರ ಹೋದಷ್ಟೂ ನಮ್ಮ ಲೆಕ್ಕ ಬಿಗಿಯಾಗಬೇಕು. ಒಂದು ಅಂಕಿ ತಪ್ಪಿದರೆ ಸಾಯೋರು ನಮ್ಮವರೇ. ಆ ಯುದ್ಧದಲ್ಲಿ ಫಿರಂಗಿ ದಳ ಮಾಡಿದ ಕೆಲಸದ ನೆನಪಿಗೆ 2022ರಲ್ಲಿ ದ್ರಾಸ್‌ನ 5140 ಶಿಖರಕ್ಕೆ ಗನ್ ಹಿಲ್ ಅಂತ ಹೆಸರಿಟ್ಟರು.

ಮಗಳು: ಹಾಗಾದರೆ ಅಲ್ಲಿ ನಮಗೆ ಕೊರತೆ ಏನೂ ಇರಲಿಲ್ಲ ಅಂತೀರಾ?

ಚಿಕ್ಕಪ್ಪ: ಇತ್ತು. ದೊಡ್ಡ ಕೊರತೆ. ನಾವು ಹೊಡೆದದ್ದು ಎಲ್ಲಿ ಬಿತ್ತು ಅಂತ ಹೇಳೋಕೆ ಒಪಿ ಇದ್ದ. ಆ ಕಡೆಯಿಂದ ಬರ್ತಿದ್ದ ಶೆಲ್ ಎಲ್ಲಿಂದ ಬರ್ತಿದೆ ಅಂತ ಹೇಳೋರು ಇರಲಿಲ್ಲ. ಅವರ ಗನ್ನು ಗುಡ್ಡದ ಹಿಂದೆ. ನಮ್ಮ ಹತ್ತಿರ ಇದ್ದದ್ದು ಮಾರ್ಟರ್ ಹುಡುಕೋಕೆ ಮಾಡಿದ ಹಳೇ ಬ್ರಿಟಿಷ್ ರೇಡಾರ್. ದೂರದ ಫಿರಂಗಿಗೆ ಅದು ಸಾಲದು. ಅಮೆರಿಕದ ರೇಡಾರ್ ತಗೊಳ್ಳೋಣ ಅಂದರೆ 1998ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ಅವರ ದಿಗ್ಬಂಧನ. ಶೆಲ್ ಬೀಳ್ತಿರುತ್ತೆ, ಪಕ್ಕದವನು ಹೋಗಿಬಿಡ್ತಾನೆ, ಹೊಡೆದವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ಆ ಅಸಹಾಯಕತೆ ಇದೆಯಲ್ಲ, ಅದನ್ನು ನಾನು ಮರೆಯಲ್ಲ.

ಮಗಳು: ಆಮೇಲೆ ಬಂದದ್ದೇ ಸ್ವಾತಿ ರೇಡಾರ್. ಅದು ನಮ್ಮ ಬೆಂಗಳೂರಿನದೇ. ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇ ಪ್ರಯೋಗಾಲಯ ವಿನ್ಯಾಸ ಮಾಡಿದ್ದು, ಬಿಇಎಲ್ ಕಂಪನಿ ತಯಾರಿಸಿದ್ದು. ಅದು ಹುಟ್ಟಿದ ಬಗೆ ನನಗೆ ತುಂಬ ಇಷ್ಟ. ಆಕಾಶ್ ಕ್ಷಿಪಣಿಗೆ ಅಂತ ರಾಜೇಂದ್ರ ಅನ್ನೋ ರೇಡಾರ್ ಮಾಡಿದ್ದರಲ್ಲ, ಅದನ್ನು ಒಡಿಶಾದ ಚಾಂದೀಪುರದಲ್ಲಿ ಪರೀಕ್ಷೆ ಮಾಡುವಾಗ ಪಕ್ಕದ ರೇಂಜ್‌ನಲ್ಲಿ ಹೊಡೀತಿದ್ದ ಫಿರಂಗಿ ಶೆಲ್‌ಗಳೂ ಅದರ ಕಣ್ಣಿಗೆ ಬಿದ್ದವು. ನಮಗೆ ಬೇಕಾದ್ದು ವಿಮಾನ, ಇದು ಬೇಡದ ಗದ್ದಲ ಅಂತ ಅಳಿಸಿಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಶೆಲ್ ಕಾಣುತ್ತೆ ಅಂದಮೇಲೆ ಅದು ಹೊರಟ ಜಾಗವನ್ನೂ ಹುಡುಕಬಹುದು ಅಂತ ಆ ದಾರಿ ಹಿಡಿದರು.

ಚಿಕ್ಕಪ್ಪ: ಅದು ಹ್ಯಾಗೆ ಹುಡುಕುತ್ತೆ ಅಂತ ನೀನೇ ಹೇಳು. ನನಗೆ ಅದರ ಫಲ ಗೊತ್ತು, ಒಳಗಿನ ಕೆಲಸ ನಿನಗೆ ಚೆನ್ನಾಗಿ ಗೊತ್ತಿರುತ್ತೆ.

ಮಗಳು: ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯು ರಿವ್ಯೂ ನೋಡಿದ್ದೀರಲ್ಲ? ಪ್ಯಾಡಿಗೆ ಬಡಿಯೋವರೆಗಿನ ಚೆಂಡಿನ ದಾರಿ ನೋಡಿ, ಮುಂದೆ ಸ್ಟಂಪಿಗೆ ಹೋಗ್ತಿತ್ತಾ ಇಲ್ಲವಾ ಅಂತ ಕಂಪ್ಯೂಟರ್ ಗೆರೆ ಎಳೆಯುತ್ತೆ. ಸ್ವಾತಿ ಆ ಗೆರೆಯನ್ನು ಹಿಂದಕ್ಕೂ ಎಳೆಯುತ್ತೆ, ಬೌಲರ್ ಕೈವರೆಗೆ. ದಿಗಂತದ ಮೇಲೆ ರೇಡಾರ್ ತನ್ನ ಕಿರಣದಿಂದ ಒಂದು ಬೇಲಿ ಹಾಕಿರುತ್ತೆ. ಆಂಟೆನಾ ಅಲುಗಾಡಬೇಕಿಲ್ಲ, ಕಿರಣವನ್ನು ಎಲೆಕ್ಟ್ರಾನಿಕ್ ಆಗಿಯೇ ಅತ್ತಿತ್ತ ತಿರುಗಿಸುತ್ತೆ. ಶೆಲ್ ಆ ಬೇಲಿ ದಾಟಿದ ತಕ್ಷಣ ಕೆಲವು ಸೆಕೆಂಡ್ ಅದರ ಬೆನ್ನು ಹತ್ತುತ್ತೆ. ಆ ತುಂಡು ದಾರಿಯಿಂದ, ಗಾಳಿಯ ತಡೆ, ಭೂಮಿಯ ಏರಿಳಿತ ಎಲ್ಲ ಸೇರಿಸಿ, ಹೊರಟದ್ದು ಎಲ್ಲಿಂದ, ಬೀಳೋದು ಎಲ್ಲಿ ಅಂತ ಎರಡೂ ಲೆಕ್ಕ ಕೊಡುತ್ತೆ. ಮಾರ್ಟರ್ ಆದರೆ 20, ಫಿರಂಗಿ ಶೆಲ್ ಆದರೆ 30, ರಾಕೆಟ್ ಆದರೆ 40 ಕಿಲೋಮೀಟರ್‌ವರೆಗೆ. ಶೆಲ್ ಇನ್ನೂ ಆಕಾಶದಲ್ಲಿ ಇರುವಾಗಲೇ ಹೊಡೆದವನ ವಿಳಾಸ ಸಿಗುತ್ತೆ.

ಚಿಕ್ಕಪ್ಪ: ಅದರ ಇನ್ನೊಂದು ಕೆಲಸ ಜನಕ್ಕೆ ಗೊತ್ತಿಲ್ಲ. ನಮ್ಮ ಶೆಲ್ ಎಲ್ಲಿ ಬೀಳುತ್ತೆ ಅಂತಲೂ ಅದೇ ನೋಡಿ ಹೇಳುತ್ತೆ. ಮೋಡ ಕವಿದು ಒಪಿಗೆ ಏನೂ ಕಾಣದಿದ್ದರೂ ತಿದ್ದೋಕೆ ಆಗುತ್ತೆ. 2017ರ ಮಾರ್ಚ್‌ನಲ್ಲಿ ಮನೋಹರ್ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ ಸ್ವಾತಿಯನ್ನು ಸೇನೆಗೆ ವಿಧ್ಯುಕ್ತವಾಗಿ ಒಪ್ಪಿಸಿದರು. ಕಾರ್ಗಿಲ್ ಆಗಿ ಹದಿನೆಂಟು ವರ್ಷಕ್ಕೆ. ತಡ ಆಯಿತು, ಆದರೆ ನಿಂತಿತು. 2020ರಲ್ಲಿ ಅರ್ಮೇನಿಯಾ ಕೊಂಡುಕೊಂಡಿತು. 2023ರ ಮಾರ್ಚ್‌ನಲ್ಲಿ ನಮ್ಮ ಸೇನೆಯೇ ಬಯಲು ಪ್ರದೇಶಕ್ಕೆ ಅಂತ ಇನ್ನೂ ಹನ್ನೆರಡಕ್ಕೆ ಬಿಇಎಲ್‌ಗೆ ಆರ್ಡರ್ ಕೊಟ್ಟಿತು, 990 ಕೋಟಿಗೂ ಮೇಲೆ.

ಮಗಳು: ರೇಡಾರ್ ವಿಳಾಸ ಕೊಟ್ಟ ಮೇಲೆ ಅದು ಗನ್ನಿಗೆ ತಲುಪೋಕೆ ಮತ್ತೆ ವೈರ್‌ಲೆಸ್, ಪೆನ್ಸಿಲ್, ಕೋಷ್ಟಕ ಅಂತ ಹೋದರೆ ಗಳಿಸಿದ ಸಮಯ ಎಲ್ಲ ಕೈ ಬಿಟ್ಟು ಹೋಗುತ್ತಲ್ಲ?

ಚಿಕ್ಕಪ್ಪ: ಸರಿಯಾದ ಜಾಗಕ್ಕೆ ಬಂದೆ. ನಾವು ಮೊದಲು ಮಾಡ್ತಿದ್ದದ್ದು ಹಾಗೇ. ನಕ್ಷೆ ಬೋರ್ಡು, ಸ್ಕೇಲು, ದಪ್ಪ ರೇಂಜ್ ಟೇಬಲ್ ಪುಸ್ತಕ. ರಾತ್ರಿ ಟಾರ್ಚಿಗೆ ಬಟ್ಟೆ ಸುತ್ತಿ ಅದರ ಬೆಳಕಲ್ಲಿ ಅಂಕಿ ಓದಬೇಕು. ಒಬ್ಬ ಲೆಕ್ಕ ಹಾಕಿದ್ದನ್ನು ಇನ್ನೊಬ್ಬ ಸ್ವತಂತ್ರವಾಗಿ ಹಾಕಿ ತಾಳೆ ನೋಡಬೇಕು. ಆಮೇಲೆ ಶಕ್ತಿ ಅನ್ನೋ ವ್ಯವಸ್ಥೆ ಬಂತು. ಅದೂ ಬೆಂಗಳೂರಿನದೇ, ಕೇರ್ ಪ್ರಯೋಗಾಲಯ ಮತ್ತು ಬಿಇಎಲ್ ಸೇರಿ ಮಾಡಿದ್ದು. ಒಪಿ ಕೈಯಲ್ಲಿ ಪುಟ್ಟ ಕಂಪ್ಯೂಟರ್, ಕಮಾಂಡ್ ಪೋಸ್ಟ್‌ನಲ್ಲಿ ಒಂದು, ಗನ್ ಪಕ್ಕದಲ್ಲಿ ಅಂಕಿ ತೋರಿಸೋ ಪರದೆ. ಬ್ಯಾಟರಿಯಿಂದ ಕೋರ್ ಅನ್ನೋ ದೊಡ್ಡ ಸೇನಾ ಘಟಕದವರೆಗೆ ಒಂದೇ ಜಾಲ. ಯಾವ ಗುರಿಗೆ ಯಾವ ಗನ್ ಸರಿ, ಯಾರ ಹತ್ತಿರ ಎಷ್ಟು ಶೆಲ್ ಉಳಿದಿದೆ, ಎಲ್ಲ ಅದರಲ್ಲೇ. ತೋಪು ಅಂದರೆ ಜಬಲ್‌ಪುರ, ಪುಣೆ, ಹಜೀರಾ ಅಂತ ಜನ ಹೇಳ್ತಾರೆ. ನಳಿಕೆ ಅಲ್ಲಿಂದ ಬರುತ್ತೆ, ನಿಜ. ತೋಪಿನ ಕಣ್ಣೂ ತಲೆಯೂ ಮಾತ್ರ ನಮ್ಮ ಊರ ಸುತ್ತಮುತ್ತಲೇ.

ಮಗಳು: ಹೌದು, 2025ರ ಫೆಬ್ರವರಿಯಲ್ಲಿ ಪಿನಾಕ ರಾಕೆಟ್‌ಗಳಿಗೆ 10,147 ಕೋಟಿಯ ಒಪ್ಪಂದಗಳಾದಾಗ ಅದರ ಜೊತೆಗೇ ಶಕ್ತಿ ಸಾಫ್ಟ್‌ವೇರ್ ಸುಧಾರಿಸೋಕೆ ಬಿಇಎಲ್ ಜೊತೆಯೂ ಒಪ್ಪಂದ ಆಯಿತು. ಆದರೆ ಪೇಪರ್‌ನಲ್ಲಿ ದಪ್ಪಕ್ಷರದಲ್ಲಿ ಬರೋದು ಗನ್ ಎಷ್ಟು, ರಾಕೆಟ್ ಎಷ್ಟು ಅಂತ. ನೋಡಿ, ಅದೇ 2025ರ ಮಾರ್ಚ್ 26ಕ್ಕೆ 307 ಎಟಿಎಜಿಎಸ್ ಗನ್‌ಗಳಿಗೆ, ಅವನ್ನು ಎಳೆಯೋ ವಾಹನಗಳಿಗೆ ಸೇರಿ ಸುಮಾರು 6,900 ಕೋಟಿ. ಪುಣೆಯ ಎಆರ್‌ಡಿಇ ವಿನ್ಯಾಸ, ಭಾರತ್ ಫೋರ್ಜ್ ಮತ್ತು ಟಾಟಾ ತಯಾರಿಕೆ. 2017ರಲ್ಲಿ ಪೋಖ್ರಾನ್‌ನಲ್ಲಿ 48 ಕಿಲೋಮೀಟರ್ ಹೊಡೆಯಿತು ಅಂತ ಎಲ್ಲರ ಬಾಯಲ್ಲೂ ಇದೆ. ಆದರೆ ಹದಿನೆಂಟು ಟನ್ ತೂಕ ಅಂತಾರೆ. ಬೆಟ್ಟದ ತಿರುವಿನಲ್ಲಿ ಅದನ್ನು ಎಳೆಯೋದು ಹ್ಯಾಗೆ? ಅಮೆರಿಕದ ಎಂ777 ನಾಲ್ಕು ಚಿಲ್ಲರೆ ಟನ್, ಹೆಲಿಕಾಪ್ಟರ್‌ಗೆ ನೇತುಹಾಕಿ ಒಯ್ತಾರೆ.

ಚಿಕ್ಕಪ್ಪ: ಒಂದೇ ಗನ್ ಎಲ್ಲ ಕಡೆಗೂ ಆಗಲ್ಲ ಕಣಮ್ಮ. ಎಂ777 ಹಗುರ, ಯಾಕಂದರೆ ಅದರಲ್ಲಿ ಟೈಟಾನಿಯಂ ಇದೆ, ನಳಿಕೆ ಗಿಡ್ಡ. ಎತ್ತರದ ಗಡಿಗೆ ಅದು. ಮರಳುಗಾಡಿಗೆ ಟ್ಯಾಂಕಿನ ಹಾಗೆ ತಾನೇ ಓಡೋ ಕೆ9 ವಜ್ರ. ದೂರದ ಗುರಿಗೆ ಎಟಿಎಜಿಎಸ್. ಕೆಲಸ ನೋಡಿ ಸಾಧನ ಆರಿಸಬೇಕು. ನಿನ್ನ ಪ್ರಶ್ನೆಯಲ್ಲಿ ಇರೋ ಭಯ ಮಾತ್ರ ನಿಜವಾದದ್ದು. ಈಗ ಎರಡೂ ಕಡೆ ರೇಡಾರ್ ಇದೆ, ಎರಡೂ ಕಡೆ ಡ್ರೋನ್ ಇದೆ. ಹೊಡೆದ ಜಾಗದಲ್ಲೇ ನಿಂತರೆ ಕೆಲವೇ ನಿಮಿಷಕ್ಕೆ ಉತ್ತರ ಬರುತ್ತೆ. ಹೊಡಿ, ಗಂಟುಮೂಟೆ ಕಟ್ಟು, ಜಾಗ ಬಿಡು. ಎಳೆದು ಸಾಗಿಸೋ ಗನ್ನಿಗಿಂತ ಲಾರಿ ಮೇಲೇ ಕೂತಿರೋ ಗನ್ ಬೇಕು ಅಂತ ಸೇನೆ ಕೇಳೋದು ಅದಕ್ಕೇ.

ಮಗಳು: ಅಂದರೆ ಡ್ರೋನ್ ಬಂದು ತೋಪಿನ ಕಾಲ ಮುಗಿಸ್ತಾ ಇದೆ ಅಂತ ನಾನು ಅಂದದ್ದರಲ್ಲಿ ಹುರುಳಿದೆ.

ಚಿಕ್ಕಪ್ಪ: ಅರ್ಧ ಹುರುಳಿದೆ. ಉಕ್ರೇನ್‌ನಲ್ಲಿ ಡ್ರೋನ್ ಮಾಡ್ತಿರೋ ಹಾನಿ ದೊಡ್ಡದು, ಅಲ್ಲಗಳೆಯಲ್ಲ. ಆದರೆ ಅದೇ ಯುದ್ಧದಲ್ಲಿ ದಿನಕ್ಕೆ ಸಾವಿರಾರು ಶೆಲ್ ಖರ್ಚಾಗಿ, ಯುರೋಪಿನ ಕಾರ್ಖಾನೆಗಳು ಪೂರೈಸಲಾಗದೆ ಪರದಾಡಿದ್ದನ್ನೂ ನೋಡು. ಡ್ರೋನನ್ನು ಜ್ಯಾಮರ್ ಹಾಕಿ ಬೀಳಿಸಬಹುದು, ಮಳೆ ಗಾಳಿಗೆ ಅದು ಹಾರದೇ ಹೋಗಬಹುದು. ಹೊರಟ ಸಾಮಾನ್ಯ ಶೆಲ್ಲಿನ ದಾರಿ ತಪ್ಪಿಸೋ ಜ್ಯಾಮರ್ ಇಲ್ಲ. ನನ್ನ ಕಣ್ಣಿಗೆ ಡ್ರೋನ್ ಅಂದರೆ ಬಂಡೆ ಸಂದಿಯಿಂದ ಮೇಲಕ್ಕೆ ಎದ್ದ ಒಪಿ. ನಮ್ಮ ಹುಡುಗ ಶತ್ರುವಿನ ಮೂಗಿನ ಕೆಳಗೆ ತೆವಳಿಕೊಂಡು ಹೋಗಿ ನೋಡ್ತಿದ್ದದ್ದನ್ನು ಅದು ಮೇಲಿಂದ ನೋಡಿ ಹೇಳುತ್ತೆ. ನೋಡೋದು, ತಿದ್ದೋದು ಇನ್ನೂ ಚುರುಕಾಯಿತು ಅಷ್ಟೇ.

ಮಗಳು: ನೋಡಿ ತಿದ್ದೋದು ಅಂತ ನೀವು ಅಂದಾಗಿನಿಂದ ನನಗೆ ಮೈಸೂರು ರಾಕೆಟ್ ನೆನಪಾಗ್ತಿದೆ. ಹೈದರಾಲಿ, ಟಿಪ್ಪು ಕಾಲದಲ್ಲಿ ನಮ್ಮವರು ಮದ್ದು ತುಂಬೋಕೆ ಕಬ್ಬಿಣದ ಕೊಳವೆ ಬಳಸಿದರು. ಕಾಗದದ ಕೊಳವೆ ತಡೆಯಲಾಗದ ಒತ್ತಡವನ್ನು ಕಬ್ಬಿಣ ತಡೆಯುತ್ತೆ. ಮದ್ದನ್ನು ಬಿಗಿಯಾಗಿ ಗಟ್ಟಿಸಬಹುದು, ರಾಕೆಟ್ ದೂರ ಹೋಗುತ್ತೆ. ಅದಕ್ಕೆ ಉದ್ದದ ಬಿದಿರು ಕಟ್ಟಿ ಹಾರಿಸ್ತಿದ್ದರು. 1780ರ ಪೊಲ್ಲಿಲೂರು ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಬೈಲಿಯ ಮದ್ದಿನ ಬಂಡಿಗಳಿಗೆ ಬೆಂಕಿ ಬಿದ್ದು ಅವನ ಸೈನ್ಯ ನೆಲಕಚ್ಚಿತು. ಅಂಥ ವಿದ್ಯೆ ನಮ್ಮ ನೆಲದಲ್ಲೇ ಇತ್ತು. ಆಮೇಲೆ ಏನಾಯಿತು?

ಚಿಕ್ಕಪ್ಪ: 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಸಿಕ್ಕ ರಾಕೆಟ್‌ಗಳಲ್ಲಿ ಕೆಲವನ್ನು ಇಂಗ್ಲೆಂಡಿನ ವೂಲ್ವಿಚ್‌ಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅನ್ನೋನು 1804ರ ಹೊತ್ತಿಗೆ ಪ್ರಯೋಗ ಶುರು ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಪಟ್ಟಣಕ್ಕೆ ಬೆಂಕಿ ಹಚ್ಚೋಕೆ ಅವನ ರಾಕೆಟ್ಟನ್ನೂ ಬಳಸಿದರು.

ಮಗಳು: ಅವನು ಮಾಡಿದ್ದು ಏನು ಅಂತ ನೋಡಿದರೆ, ಮೂಲ ಕಲ್ಪನೆ ಅವನದಲ್ಲ. ಹಾರಿಸಿದ, ಎಲ್ಲಿ ಬಿತ್ತು ನೋಡಿದ, ಅಳತೆಗಳನ್ನು ಬರೆದಿಟ್ಟ, ತೂಕದ ಪ್ರಕಾರ ಒಂದೇ ನಮೂನೆಯ ಸಾಲು ಸಾಲು ರಾಕೆಟ್ ಮಾಡಿಸಿದ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಡ್ರಾಯಿಂಗ್ ಮಾಡಿದ, ಟಾಲರೆನ್ಸ್ ಹಾಕಿದ. ಇಲ್ಲಿ ಮಾಡೋ ಕೈ ಇತ್ತು. ಆ ಕೈಗೆ ಕೆಲಸ ಕೊಡೋ ರಾಜ್ಯ ಇಲ್ಲವಾಯಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆ ಹೊರತೆಗೆದರು. ಈಗ ಶಿವಮೊಗ್ಗದ ಮ್ಯೂಸಿಯಮ್ಮಿನಲ್ಲಿ ಇವೆ. ಇನ್ನೂರು ಚಿಲ್ಲರೆ ವರ್ಷ ಆ ವಿದ್ಯೆ ಕೆಸರಲ್ಲಿ ಹೂತಿತ್ತು.

ಚಿಕ್ಕಪ್ಪ: ಅದೊಂದೇ ಬಾವಿ ಅಂದ್ಕೊಳ್ಳಬೇಡ. 1986ರಲ್ಲಿ ಸ್ವೀಡನ್‌ನಿಂದ 410 ಬೋಫೋರ್ಸ್ ತಗೊಂಡರು. ಗನ್ ಜೊತೆಗೆ ಅದನ್ನು ಇಲ್ಲೇ ಮಾಡೋಕೆ ಬೇಕಾದ ತಂತ್ರಜ್ಞಾನದ ಕಾಗದಪತ್ರವೂ ಬಂತು. ಅಷ್ಟರಲ್ಲಿ ಲಂಚದ ಹಗರಣ ಎದ್ದಿತು. ಆಮೇಲೆ ತೋಪು ಅನ್ನೋ ಮಾತೆತ್ತೋಕೇ ಅಧಿಕಾರಿಗಳು ಹೆದರಿದರು. ಆ ಕಾಗದ ಕಪಾಟಿನಲ್ಲೇ ಉಳಿಯಿತು. ಅದರ ಧೂಳು ಕೊಡವಿ ಜಬಲ್‌ಪುರದಲ್ಲಿ ಧನುಷ್ ಮಾಡಿ ಮೊದಲ ಆರು ಗನ್ ಸೇನೆಗೆ ಕೊಟ್ಟದ್ದು 2019ರ ಏಪ್ರಿಲ್‌ನಲ್ಲಿ. ಎಂ777 ಒಪ್ಪಂದ ಆದದ್ದು 2016ರಲ್ಲಿ. ಲೆಕ್ಕ ಹಾಕು, ಬೋಫೋರ್ಸ್ ಆದ ಮೇಲೆ ಮೂವತ್ತು ವರ್ಷ ಹೊಸ 155 ಎಂಎಂ ಗನ್ನಿಗೆ ಒಂದು ದೊಡ್ಡ ಆರ್ಡರ್ ಇಲ್ಲ. ನಾನು ರಂಗರೂಟಾಗಿ ಹೈದರಾಬಾದಿನ ಗೋಲ್ಕೊಂಡಾ ಸೆಂಟರ್‌ನಲ್ಲಿ ಟ್ರೇನಿಂಗ್ ಮುಗಿಸಿ ಬಂದಾಗ ಹೊಸದಾಗಿದ್ದ ಗನ್ನು, ನಾನು ಪೆನ್ಷನ್ ತಗೊಂಡು ಬರುವಾಗಲೂ ನಮ್ಮ ಅತ್ಯುತ್ತಮ ಗನ್ ಆಗಿತ್ತು. ಹಗರಣ ಮಾಡಿದವರಿಗೆ ಶಿಕ್ಷೆ ಆಗಬೇಕಿತ್ತು. ಶಿಕ್ಷೆ ಆದದ್ದು ಗನ್ನಿನವರಿಗೆ.

ಮಗಳು: ಮೂವತ್ತು ವರ್ಷ ಆರ್ಡರ್ ಇಲ್ಲ ಅಂದರೆ ಗನ್ ಮಾತ್ರ ಇಲ್ಲ ಅಂತ ಅಲ್ಲ ಚಿಕ್ಕಪ್ಪ. ನಳಿಕೆಯ ಒಳಮೈ ತೀಡೋನು ನಿವೃತ್ತನಾಗ್ತಾನೆ, ಅವನ ಕೈಕೆಳಗೆ ಕಲಿಯೋಕೆ ಯಾರೂ ಇರಲ್ಲ. ಬೇರಿಂಗ್ ಮಾಡೋನು ಬೇರೆ ದಂಧೆಗೆ ಹೋಗ್ತಾನೆ. 2017ರಲ್ಲಿ ಧನುಷ್ ಗನ್ನಿನ ಬೇರಿಂಗ್ ಬಗ್ಗೆ ಸಿಬಿಐ ಕೇಸ್ ಹಾಕಿತ್ತು, ನೆನಪಿದೆಯಾ? ಜರ್ಮನಿಯಲ್ಲಿ ತಯಾರಾದದ್ದು ಅಂತ ಅಚ್ಚೊತ್ತಿ ಚೀನಾದ ಬೇರಿಂಗ್ ಕೊಟ್ಟರು ಅನ್ನೋ ಆರೋಪ. ಆ ಸುದ್ದಿ ಓದಿದ ದಿನ ನಮ್ಮ ಶಾಪ್‌ನಲ್ಲಿ ಇಡೀ ಮಧ್ಯಾಹ್ನ ಅದೇ ಮಾತು. ಗನ್ನಿನ ದೇಹ ಸ್ವದೇಶಿ ಆದರೂ ಅದು ತಿರುಗೋ ಕೀಲು ನಮ್ಮ ಕೈಯಲ್ಲಿ ಇಲ್ಲ ಅಂದರೆ ಏನು ಸ್ವದೇಶಿ?

ಚಿಕ್ಕಪ್ಪ: ನಿಮ್ಮ ಪೀಣ್ಯದಲ್ಲಿ ಅಂಥ ಕೀಲು ಮಾಡೋ ಕೈ ಇಲ್ಲವಾ? ಜಾಲಹಳ್ಳಿಗೆ ಎಚ್‌ಎಂಟಿ ಬಂದದ್ದು 1953ರಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ. ಆ ಓರ್ಲಿಕಾನ್ ವಿಮಾನ ಹೊಡೆಯೋ ತೋಪಿಗೂ ಹೆಸರಾದದ್ದು. ಮಾರನೇ ವರ್ಷವೇ ಬಿಇಎಲ್. ಎಷ್ಟು ಸಾವಿರ ಜನ ಆ ಎರಡು ಗೇಟಿನಲ್ಲಿ ಅಳತೆ ಕಲಿತು ಹೊರಗೆ ಬಂದು ಪೀಣ್ಯದಲ್ಲಿ ಸ್ವಂತ ಶೆಡ್ ಹಾಕಿದರು!

ಮಗಳು: ಕೈ ಇದೆ. ಈಗ ಬಂದಿರೋ ಜಾಬನ್ನೇ ನೋಡಿ. ಹೊರ ವ್ಯಾಸದ ಟಾಲರೆನ್ಸ್ ಹತ್ತು ಮೈಕ್ರಾನ್. ತಲೆಗೂದಲು ಎಪ್ಪತ್ತು ಮೈಕ್ರಾನ್ ದಪ್ಪ ಇರುತ್ತೆ, ಅದರ ಏಳನೇ ಒಂದು ಭಾಗ. ಬೆಳಿಗ್ಗೆ ಮಷೀನ್ ತಣ್ಣಗಿರುವಾಗ ತೆಗೆದ ತುಂಡಿಗೂ ಮಧ್ಯಾಹ್ನ ಸ್ಪಿಂಡಲ್ ಬಿಸಿಯಾದ ಮೇಲೆ ತೆಗೆದ ತುಂಡಿಗೂ ಅಷ್ಟು ವ್ಯತ್ಯಾಸ ಬಂದುಬಿಡುತ್ತೆ. ಅದಕ್ಕೇ ಮೊದಲು ಮಷೀನ್ ಖಾಲಿ ಓಡಿಸಿ ಬಿಸಿ ಮಾಡ್ತಾರೆ. ತುಂಡನ್ನು ಎಸಿ ಇರೋ ರೂಮಿನಲ್ಲಿ 20 ಡಿಗ್ರಿಗೆ ತಂದು ಆಮೇಲೆ ಅಳೀತೀವಿ. ಗೀಚು ಇದೆಯಾ ಅಂತ ಉಗುರಿನಲ್ಲಿ ಸವರಿ ನೋಡೋ ಒಬ್ಬ ಹಿರಿಯರಿದ್ದಾರೆ ನಮ್ಮಲ್ಲಿ. ಅವರು ಬೇಡ ಅಂದದ್ದನ್ನು ಸಿಎಂಎಂ ಅನ್ನೋ ಅಳತೆ ಮಷೀನಿಗೆ ಹಾಕಿದರೂ ಬೇಡ ಅಂತಲೇ ಬರುತ್ತೆ.

ಚಿಕ್ಕಪ್ಪ: ಅದು ಫ್ಯೂಜಿಗೆ ಹೋಗೋ ತುಂಡೇ ಇರಬಹುದು, ಯಾರು ಬಲ್ಲರು. ಶೆಲ್ಲಿನ ಮೂತಿಗೆ ತಿರುಗಿಸಿ ಕೂರಿಸ್ತೀವಲ್ಲ, ಅದು. ಅದರ ಪಾಡು ಕೇಳು. ಗನ್ ಸಿಡಿದಾಗ ಶೆಲ್ ನಳಿಕೆಯಲ್ಲಿ ಇರೋದು ಒಂದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಅಷ್ಟರೊಳಗೆ ಸೆಕೆಂಡಿಗೆ ಎಂಟುನೂರು ಮೀಟರ್ ವೇಗ ಹಿಡಿಯುತ್ತೆ. ಒಳಗಿರೋ ಪ್ರತಿ ಚೂರಿನ ಮೇಲೂ ಅದರ ತೂಕದ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಹೊರೆ. ಜೊತೆಗೆ ಸೆಕೆಂಡಿಗೆ ಇನ್ನೂರೈವತ್ತು ಸುತ್ತಿನ ಮೇಲೆ ಗಿರಗಿರ ತಿರುಗೋದು. ಆ ಹೊಡೆತ ಬಿತ್ತು, ಆ ತಿರುಗು ಬಂತು, ಎರಡೂ ಆದ ಮೇಲೇ ಫ್ಯೂಜಿನ ಬೀಗ ಬಿಚ್ಚಬೇಕು. ಒಂದೇ ಆದರೆ ಬಿಚ್ಚಬಾರದು. ಸಾಗಿಸುವಾಗ ಕೈಜಾರಿ ಬಿದ್ದರೆ ಸಿಡಿಯದಿರಲಿ ಅಂತ ಈ ಏರ್ಪಾಡು. ಇಂಥ ಎಲೆಕ್ಟ್ರಾನಿಕ್ ಫ್ಯೂಜಿಗೆ 2023ರ ಡಿಸೆಂಬರ್‌ನಲ್ಲಿ ಬಿಇಎಲ್ ಜೊತೆ ಹತ್ತು ವರ್ಷದ ಒಪ್ಪಂದ ಆಗಿದೆ, 5,336 ಕೋಟಿ. ತಯಾರಿಕೆ ಪುಣೆ ಘಟಕದಲ್ಲಿ. ಹತ್ತು ವರ್ಷ ಅಂದದ್ದು ನನಗೆ ಸಮಾಧಾನ ಕೊಟ್ಟಿತು. ಒಂದು ಸಲ ಕೊಂಡು ಕೈ ತೊಳೆಯೋದಕ್ಕಿಂತ ಇದು ಎಷ್ಟೋ ಮೇಲು.

ಮಗಳು: ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಅಳೆದು ಸೀಲ್ ಒತ್ತಿದ ತುಂಡು ಕೊನೆಗೆ ಯಾರದೋ ಜೀವ ತೆಗೆಯೋಕೆ ಹೋಗುತ್ತೆ. ರಾತ್ರಿ ಮಲಗಿದಾಗ ಅದು ಕೊರೆಯುತ್ತೆ.

ಚಿಕ್ಕಪ್ಪ: ಕೊರೀಬೇಕು. ಕೊರೆಯದೇ ಇರೋರ ಕೈಗೆ ಈ ಕೆಲಸ ಸಿಗಬಾರದು. ನಾನು ಲೆಕ್ಕ ಹಾಕಿದವನು, ನನ್ನ ಅಂಕಿಯಿಂದ ಹೊರಟ ಶೆಲ್ ಏನು ಮಾಡಿತು ಅಂತ ನನಗೂ ಗೊತ್ತು. ಆದರೆ ಅಳತೆ ಕೆಟ್ಟರೆ ಯುದ್ಧ ಸಣ್ಣದಾಗಲ್ಲ ಮಗಳೇ. ಫ್ಯೂಜ್ ಬೇಗ ಸಿಡಿದರೆ ಗನ್ನಿನ ಬಾಯಲ್ಲೇ ನಮ್ಮ ಹುಡುಗರು ಸಾಯ್ತಾರೆ. ಸಿಡಿಯದೇ ಹೋದರೆ ಶೆಲ್ ಹೊಲದಲ್ಲಿ ಹೂತಿದ್ದು ವರ್ಷಗಳಾದ ಮೇಲೆ ಕುರಿ ಕಾಯೋ ಮಗುವಿನ ಕೈಗೆ ಸಿಗುತ್ತೆ. ದಾರಿ ತಪ್ಪಿದರೆ ಊರ ಮೇಲೆ ಬೀಳುತ್ತೆ. 2025ರ ಮೇ ತಿಂಗಳಲ್ಲಿ ಪೂಂಚ್ ಪಟ್ಟಣದ ಮೇಲೆ ಆ ಕಡೆಯಿಂದ ಶೆಲ್ ಬಿದ್ದು ಮಕ್ಕಳೂ ಸತ್ತರು. ಊರಿನ ಮೇಲೆ ಬೀಳೋ ಶೆಲ್ ಅಂದರೆ ಏನು ಅಂತ ಗಡಿಯವರನ್ನು ಕೇಳಬೇಕು.

ಮಗಳು: ಸರಿ, ಆದರೆ ಗುರಿ ತಪ್ಪದಿರೋದಷ್ಟೇ ನ್ಯಾಯ ಅಂತ ನಾನು ಒಪ್ಪಲ್ಲ. ಹೊಡಿಬೇಕಾ ಬೇಡವಾ ಅನ್ನೋದು ಅದಕ್ಕಿಂತ ಮೊದಲಿನ ಪ್ರಶ್ನೆ.

ಚಿಕ್ಕಪ್ಪ: ಮೊದಲಿನದೇ. ಅದನ್ನು ತೀರ್ಮಾನ ಮಾಡೋರನ್ನು ನಾವು ಓಟು ಹಾಕಿ ಕಳಿಸ್ತೀವಿ, ಅವರನ್ನು ಕೇಳೋ ಹಕ್ಕು ನಿನಗೂ ಇದೆ, ಬಿಡಬೇಡ. ತೀರ್ಮಾನ ಆದ ಮೇಲೆ ಅದು ಬೇರೆಲ್ಲೂ ಬೀಳದ ಹಾಗೆ ನೋಡ್ಕೊಳ್ಳೋದು ನಮ್ಮ ಪಾಲಿನ ಧರ್ಮ. ನೂರು ಶೆಲ್ ಬೇಕಾಗಿದ್ದ ಕಡೆ ಐದು ಸಾಕು ಅನ್ನೋ ಹಾಗೆ ಆದರೆ ಉಳಿದ ತೊಂಬತ್ತೈದು ಯಾರ ಮನೆ ಮೇಲೂ ಬೀಳಲ್ಲ.

ಮಗಳು: ಹಾಗಾದರೆ ನಮ್ಮ ಕಡೆಯ ಕೊರತೆ ಏನು ಅಂತಲೂ ಕೇಳಿ. ಆರ್ಡರ್ ಬರುತ್ತೆ, ಸ್ಯಾಂಪಲ್ ತುಂಡು ಪಾಸಾಗೋಕೆ ತಿಂಗಳುಗಟ್ಟಲೆ ಕಾಯ್ತೀವಿ. ಪಾಸಾದ ಮೇಲೆ ನೂರು ತುಂಡು ಮಾಡಿಸ್ತಾರೆ, ಆಮೇಲೆ ಸುದ್ದಿ ಇರಲ್ಲ. ಅಷ್ಟಕ್ಕೆ ಅಂತ ಮಾಡಿಸಿದ ಫಿಕ್ಸ್ಚರು, ಗೇಜು ಮೂಲೆಯಲ್ಲಿ ತುಕ್ಕು ಹಿಡಿಯುತ್ತೆ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಬಿಲ್ ಪಾವತಿ ಆಗಬೇಕು ಅಂತ 2006ರ ಕಾಯ್ದೆಯೇ ಇದೆ. ನಮಗೆ ಒಂದು ದೊಡ್ಡ ಕಡೆಯಿಂದ ಬರಬೇಕಾದ ಬಿಲ್ ಅದರ ಎಷ್ಟೋ ಪಟ್ಟು ದಿನ ಆದರೂ ಬಂದಿಲ್ಲ. ಮಾಲೀಕರು ಸಾಲ ಮಾಡಿ ಸಂಬಳ ಕೊಡ್ತಾರೆ. ಹತ್ತು ಮೈಕ್ರಾನ್ ಹಿಡಿಯೋ ಹುಡುಗ ಅದೇ ಹೊತ್ತಿಗೆ ಬೈಕಿನಲ್ಲಿ ಊಟ ಡೆಲಿವರಿ ಮಾಡಿದರೆ ಹೆಚ್ಚು ಸಿಗುತ್ತೆ ಅಂತ ಬಿಟ್ಟು ಹೋಗ್ತಾನೆ. ನಮ್ಮ ಕಾಲದ ಹಾಳು ಬಾವಿ ಇದೇ.

ಚಿಕ್ಕಪ್ಪ: ಇದನ್ನು ಜೋರಾಗಿ ಹೇಳಬೇಕು.

ಮಗಳು: ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ನಮ್ಮ ತುಂಡು ಪಾಸಾಯಿತು ಅಂತ ಕಾಗದ ಬರುತ್ತೆ, ರಿಜೆಕ್ಟ್ ಆಯಿತು ಅಂತಲೂ ಬರುತ್ತೆ. ಆದರೆ ಫೀಲ್ಡ್‌ಗೆ ಹೋದ ಮೇಲೆ ಅದು ಏನಾಯಿತು ಅಂತ ಒಂದು ಸಾಲೂ ವಾಪಸ್ ಬರಲ್ಲ. ರಾಜಸ್ಥಾನದ ಬಿಸಿಲಿಗೆ ಹಿಗ್ಗಿ ಬಿಗಿಯಾಯಿತಾ? ಸಿಯಾಚಿನ್ ಚಳಿಗೆ ಸಡಿಲ ಆಯಿತಾ? ಐನೂರು ಸುತ್ತು ಹೊಡೆದ ಮೇಲೆ ಎಷ್ಟು ಸವೆಯಿತು? ಗುಟ್ಟು ಕೇಳ್ತಿಲ್ಲ ನಾನು. ಯಾವ ಗನ್, ಯಾವ ಗಡಿ ಅಂತ ಬೇಡ. ನನ್ನ ತುಂಡಿನ ಅಳತೆ ಎಷ್ಟು ಬದಲಾಯಿತು ಅನ್ನೋ ಒಂದು ಅಂಕಿ ಸಾಕು.

ಚಿಕ್ಕಪ್ಪ: ಅಂದರೆ ನಿಮಗೆ ಒಪಿ ಇಲ್ಲ.

ಮಗಳು: ಇಲ್ಲ. ಕಣ್ಣು ಕಟ್ಟಿಕೊಂಡು ಹೊಡೀತಿದ್ದೀವಿ. ಚಾಂದೀಪುರದಲ್ಲಿ ರೇಡಾರ್ ಮಾಡಿದವರು ಪರೀಕ್ಷೆ ನಡೆಯೋ ಜಾಗದಲ್ಲೇ ಇದ್ದರು, ಅದಕ್ಕೇ ಶೆಲ್ ಕಂಡಾಗ ಅದರ ಬೆಲೆ ಅವರಿಗೆ ತಿಳಿಯಿತು. ಪೀಣ್ಯದಲ್ಲಿ ತುಂಡು ಮಾಡೋನಿಗೆ ಆ ಅವಕಾಶ ಇಲ್ಲ.

ಚಿಕ್ಕಪ್ಪ: ನನ್ನ ಸೇವೆ ಪೂರ್ತಿ ನಾನು ಆ ಕಡೆಯ ತುದಿಯಲ್ಲಿದ್ದೆ. ಯಾವ ಭಾಗ ಬೇಗ ಕೆಡುತ್ತೆ, ಯಾವುದನ್ನು ಚಳಿಯಲ್ಲಿ ಬಿಚ್ಚೋಕೆ ಆಗಲ್ಲ, ಗ್ಲೌಸ್ ಹಾಕಿದ ಬೆರಳಿಗೆ ಯಾವ ತಿರುಪು ಸಿಗಲ್ಲ, ಎಲ್ಲ ನಮ್ಮ ಗನ್ನರ್‌ಗಳಿಗೆ ಕರತಲಾಮಲಕ. ಅದನ್ನು ರಿಜಿಸ್ಟರ್‌ನಲ್ಲಿ ಬರೀತಿದ್ದೆವು, ವರ್ಕ್‌ಶಾಪ್‌ಗೆ ಹೇಳ್ತಿದ್ದೆವು. ಅದು ಮಾಡಿದವನ ಮೇಜಿನವರೆಗೆ ಬರಬೇಕು ಅಂತ ನನಗೂ ಹೊಳೆದಿರಲಿಲ್ಲ, ನೀನು ಈಗ ಹೇಳೋವರೆಗೆ. ನಿವೃತ್ತರಾದ ಗನ್ನರ್‌ಗಳು ಈ ಸುತ್ತಮುತ್ತಲೇ ಎಷ್ಟು ಜನ ಇದ್ದಾರೆ! ಬ್ಯಾಂಕಿನ ಬಾಗಿಲಲ್ಲಿ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕಾವಲು ಕೂತಿದ್ದಾರೆ. ಅವರನ್ನು ಕರೆದು ನಿಮ್ಮ ಎಂಜಿನಿಯರ್‌ಗಳ ಎದುರಿಗೆ ಕೂರಿಸಿದರೆ ಅರ್ಧ ಕೆಲಸ ಆಗುತ್ತೆ.

ಮಗಳು: ಮಿಕ್ಕ ಅರ್ಧಕ್ಕೆ ನಿಯಮ ಬೇಕು. ಪ್ರತಿ ಒಪ್ಪಂದದಲ್ಲೂ ಒಂದು ಷರತ್ತು ಇರಲಿ: ಫೀಲ್ಡ್‌ನಲ್ಲಿ ಕಂಡ ದೋಷದ ವರದಿ, ಗುಟ್ಟಿನ ಭಾಗ ತೆಗೆದು, ತುಂಡು ಮಾಡಿದ ಕೊನೆಯ ಶೆಡ್‌ವರೆಗೆ ತಲುಪಬೇಕು. ಹತ್ತು ವರ್ಷದ ಒಪ್ಪಂದ ಮೇಲಿನ ಕಂಪನಿಗೆ ಸಿಕ್ಕಿದಂತೆ ಕೆಳಗಿನ ಸಣ್ಣ ಶೆಡ್‌ಗೂ ಐದು ವರ್ಷದ್ದಾದರೂ ಸಿಗಲಿ. ಬಿಲ್ಲು ಕಾಯ್ದೆ ಹೇಳಿದ ದಿನಕ್ಕೆ ಬರಲಿ. ಇಷ್ಟಾದರೆ ಬೇರಿಂಗ್ ಎಲ್ಲಿಂದ ತರೋದು ಅಂತ ಯಾರೂ ಕೇಳಬೇಕಾಗಿಲ್ಲ.

ಚಿಕ್ಕಪ್ಪ: ಬರೆದು ಕೊಡು. ಪೀಣ್ಯದ ಸಂಘಕ್ಕೆ ನಿಮ್ಮ ಮಾಲೀಕರ ಮೂಲಕ ಹೋಗಲಿ. ಮಾಜಿ ಸೈನಿಕರ ಸಂಘದಿಂದ ನಾನು ಕೂಡ ಒಂದು ಕಾಗದ ಹಾಕಿಸ್ತೀನಿ. ಗನ್ ಹೊಡೆದವರು ಒಂದು ಕಡೆ, ಗನ್ ಮಾಡಿದವರು ಇನ್ನೊಂದು ಕಡೆ ಸಹಿ ಹಾಕಿದ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕೋದು ಯಾವ ಇಲಾಖೆಗೂ ಸುಲಭ ಅಲ್ಲ.

ಮಗಳು: ಮೊದಲ ಷರತ್ತು ಯಾವುದು ಹಾಕಲಿ, ಬಿಲ್ಲಾ, ವರದಿಯಾ?

ಚಿಕ್ಕಪ್ಪ: ವರದಿ. ದುಡ್ಡು ಬಂದರೆ ಶೆಡ್ ಉಳಿಯುತ್ತೆ, ಅದೂ ಬೇಕು. ಆದರೆ ಬಿದ್ದದ್ದು ಎಲ್ಲಿ ಅಂತ ಗೊತ್ತಾದರೆ ಮಾತ್ರ ಮುಂದಿನದು ಸರಿಯಾಗಿ ಬೀಳುತ್ತೆ. ಟಿಪ್ಪುವಿನ ಕಾಲದಿಂದ ನಾವು ಕಳಕೊಂಡದ್ದು ಅದನ್ನೇ, ಗಳಿಸಬೇಕಾದ್ದೂ ಅದನ್ನೇ.